ಮೊಲದ ಮರಿಗೆ ಹಕೀಮರ ಮದ್ದು ಬೇಡ

ಮಳೆ ಹಿಡಿದು, ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಬೆಂಕಿ ಬಿದ್ದ ಮೇಲೆ ಹುಣಸೂರಿನ ನನ್ನ ದವಾಖಾನೆಯಲ್ಲಿ ಕೆಮ್ಮು, ದಮ್ಮು, ನೆಗಡಿಯವರ ಸಾಲು ಬೆಳೆಯುತ್ತದೆ. ಆ ಸಾಲಿನ ಕೊನೆಯಲ್ಲಿ ಕೆಲವೊಮ್ಮೆ ಒಬ್ಬ ಹುಡುಗನೋ ಹುಡುಗಿಯೋ ಚಪ್ಪಲಿ ಡಬ್ಬ ಹಿಡಿದು ನಿಂತಿರುತ್ತಾರೆ. ಡಬ್ಬದೊಳಗೆ ಮೊಲದ ಮರಿ. "ಹಕೀಮ್ ಸಾಬ್, ಇದಕ್ಕೂ ಶೀತ ಆಗಿದೆ, ಸ್ವಲ್ಪ ಜೋಶಾಂದಾ ಕೊಡಿ" ಎಂದು ಜೊತೆಗೆ ಬಂದ ತಾಯಿ ಹೇಳುತ್ತಾಳೆ. ಪಿರಿಯಾಪಟ್ಟಣದಿಂದ ಬಂದವರೂ ಇದ್ದಾರೆ, ಎಚ್.ಡಿ. ಕೋಟೆಯ ಕಡೆಯವರೂ ಇದ್ದಾರೆ. ನಾನು ಕೊಡುವುದಿಲ್ಲ. ಕೆಲವರಿಗೆ ಬೇಸರವಾಗುತ್ತದೆ. "ಮನುಷ್ಯರಿಗೆ ಆಗುವ ಗಿಡಮೂಲಿಕೆ ಮೊಲಕ್ಕೆ ಆಗದೆ?" ಎಂದು ಕೇಳುತ್ತಾರೆ. ಅವರಿಗೆ ಅಲ್ಲೇ ನಿಂತು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಮಗಳಿಗೆ ಎರಡು ಬಿಳಿ ಮರಿ ತಂದುಕೊಟ್ಟಿದ್ದೆ. ಮಾರಿದವನು ಎರಡು ತಿಂಗಳದ್ದು ಎಂದಿದ್ದ. ಒಂದು ತಿಂಗಳೂ ಆಗಿರಲಿಲ್ಲ ಎಂದು ಈಗ ನನಗೆ ಗೊತ್ತು. ಹದಿನೈದು ದಿನಕ್ಕೆ ಒಂದು ಮರಿ ಸೀನತೊಡಗಿತು, ಮೂಗಿನಲ್ಲಿ ಬಿಳಿ ಸಿಂಬಳ ಕಂಡಿತು. ಮಗಳ ಗಂಟಲು ನೋವಿಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಕಪಾಟಿನಲ್ಲಿ ಅರ್ಧ ಉಳಿದಿತ್ತು. ಯೂನಾನಿ ಓದಿದ ನಾನು, ನನ್ನದಲ್ಲದ ಔಷಧವನ್ನು, ನಾನು ಓದದ ಪ್ರಾಣಿಗೆ, ಹನಿ ಲೆಕ್ಕದಲ್ಲಿ ಕುಡಿಸಿದೆ. ಎರಡು ದಿನಕ್ಕೆ ಸೀನು ಕಡಿಮೆಯಾಯಿತು. ಮನೆಯವರೆದುರು ಬೀಗಿದೆ ಕೂಡ. ಮೂರನೆಯ ದಿನ ಮರಿ ಹುಲ್ಲು ಮುಟ್ಟಲಿಲ್ಲ, ಹೊಟ್ಟೆ ಉಬ್ಬಿತು, ನೀರು ನೀರಾಗಿ ಭೇದಿಯಾಯಿತು. ನಾಲ್ಕನೆಯ ದಿನ ಫಜ್ರ್‌ಗೆ ಎದ್ದಾಗ ಸತ್ತಿತ್ತು. ಶೀತದಿಂದ ಸತ್ತಿತು ಎಂದು ಮಗಳಿಗೆ ಹೇಳಿದೆ. ಅದು ಸುಳ್ಳು. ಔಷಧದಿಂದ ಸತ್ತಿತ್ತು.

ಇದನ್ನು ನನಗೆ ಬಿಡಿಸಿ ಹೇಳಿದವರು ಒಬ್ಬ ಪಶುವೈದ್ಯರು. ಮೊಲ ತಿಂದ ಹುಲ್ಲು ಅರಗುವುದು ಅದರ ಕರುಳಿನ ಕೊನೆಯ ಭಾಗದ ದೊಡ್ಡ ಚೀಲದಲ್ಲಿ, ಅಲ್ಲಿರುವ ಕೋಟ್ಯಂತರ ಒಳ್ಳೆಯ ಸೂಕ್ಷ್ಮಜೀವಿಗಳಿಂದ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್‌ನಂಥವನ್ನು ಬಾಯಿಯ ಮೂಲಕ ಕೊಟ್ಟರೆ ಆ ಒಳ್ಳೆಯ ಜೀವಿಗಳು ಸಾಯುತ್ತವೆ. ಖಾಲಿಯಾದ ಜಾಗದಲ್ಲಿ ವಿಷ ಉಗುಳುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ, ಒಳಗೆ ಹೋದದ್ದು ಹೋಯಿತು. ಮಗುವನ್ನು ಗುಣಪಡಿಸುವ ಅದೇ ಬಾಟಲಿ ಮೊಲದ ಮರಿಯನ್ನು ಕೊಲ್ಲುತ್ತದೆ. ನಮ್ಮ ಊರುಗಳ ಮೆಡಿಕಲ್ ಶಾಪಿನಲ್ಲಿ "ಮೊಲಕ್ಕೆ ಶೀತ" ಎಂದರೆ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಈ ಗುಲಾಬಿ ಬಣ್ಣದ ಸಿರಪ್ಪೇ. ವೈದ್ಯರ ಚೀಟಿಯಿಲ್ಲದೆ ಅದನ್ನು ಮನುಷ್ಯರಿಗೂ ಕೊಡುವಂತಿಲ್ಲ ಎಂಬುದು ಕಾನೂನು. ಅದು ಬೇರೆ ಮಾತು.

ನಮ್ಮ ವೈದ್ಯಪದ್ಧತಿಯಲ್ಲೇ ಇದಕ್ಕೆ ಗಡಿ ಇದೆ. ಪ್ರತಿಯೊಂದು ಜೀವಕ್ಕೂ ಅದರದೇ ಮಿಜಾಜ್ ಎಂದು ಮೊದಲ ವರ್ಷದಲ್ಲೇ ಓದುತ್ತೇವೆ. ಹಿಂದಿನ ಕಾಲದಲ್ಲಿ ಮನುಷ್ಯರಿಗೆ ತಬೀಬ್ ಬೇರೆ, ಪ್ರಾಣಿಗಳಿಗೆ ಬೈತಾರ್ ಬೇರೆ. 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ, ಗಿಡಮೂಲಿಕೆಗಳ ಮಹಾ ಪಂಡಿತ ಇಬ್ನುಲ್ ಬೈತಾರ್‌ರ ಹೆಸರಿನ ಅರ್ಥವೇ "ಪಶುವೈದ್ಯನ ಮಗ" ಎಂದು. ನಮ್ಮ ಅಜ್ಜಂದಿರು ಕುದುರೆ-ಎತ್ತು ನೋಡುವವನನ್ನು ಸಲೋತ್ರಿ ಎನ್ನುತ್ತಿದ್ದರು, ಹಕೀಮ ಎನ್ನುತ್ತಿರಲಿಲ್ಲ. ಆ ಗಡಿಯನ್ನು ಮರೆತವರು ನಾವು.

ಆದರೆ ಚಿಕಿತ್ಸೆ ಬೇರೆಯವರದು ಎಂದ ಮಾತ್ರಕ್ಕೆ ಗುರುತಿಸುವ ಕೆಲಸ ನಮ್ಮದಲ್ಲ ಎಂದಾಗುವುದಿಲ್ಲ. ಮನೆಯಲ್ಲಿ ಮರಿ ಸಾಕಿರುವ ಪ್ರತಿಯೊಬ್ಬರೂ ಇದನ್ನು ಕಲಿಯಬೇಕು, ಏಕೆಂದರೆ ಮೊಲ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಬೇಟೆಗೆ ಬಲಿಯಾಗುವ ಪ್ರಾಣಿಯ ಸ್ವಭಾವವೇ ಅದು. ನರಳುವುದಿಲ್ಲ, ಕೂಗುವುದಿಲ್ಲ. ಮೂಲೆಯಲ್ಲಿ ಮುದುಡಿ ಕೂರುತ್ತದೆ. "ನಿನ್ನೆವರೆಗೂ ಚೆನ್ನಾಗಿತ್ತು" ಎಂದು ಎಲ್ಲರೂ ಹೇಳುತ್ತಾರೆ, ನಿಜವಾಗಿ ಅದು ನಾಲ್ಕು ದಿನದಿಂದ ಚೆನ್ನಾಗಿರಲಿಲ್ಲ.

ಮೊಲ ಉಸಿರಾಡುವುದು ಮೂಗಿನಿಂದ ಮಾತ್ರ. ನಮ್ಮಂತೆ ಮೂಗು ಕಟ್ಟಿದರೆ ಬಾಯಿಗೆ ಬದಲಾಯಿಸಿಕೊಳ್ಳುವ ಸೌಕರ್ಯ ಅದಕ್ಕಿಲ್ಲ. ಹಾಗಾಗಿ ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ, ತಲೆಯನ್ನು ಮೇಲಕ್ಕೆತ್ತಿ ಕತ್ತು ಚಾಚಿದ್ದರೆ, ತುಟಿ ಅಥವಾ ಒಸಡು ನೀಲಿಗಟ್ಟಿದ್ದರೆ, ನಾಳೆ ನೋಡೋಣ ಎನ್ನುವ ಮಾತೇ ಇಲ್ಲ. ಆ ಗಂಟೆಯಲ್ಲೇ ಹೊರಡಬೇಕು. ಅಲ್ಲಿಗೆ ತಲುಪುವ ಮುಂಚೆ ಕಾಣುವ ಚಿಹ್ನೆಗಳು ಸಣ್ಣವು. ಪದೇ ಪದೇ ಸೀನು. ಮೂಗಿನ ಸುತ್ತ ಒದ್ದೆ, ಆಮೇಲೆ ಬಿಳಿ ಅಥವಾ ಹಳದಿ ಸಿಂಬಳ. ಕಣ್ಣಿನಲ್ಲಿ ನೀರು. ಇನ್ನೊಂದು ಗುರುತನ್ನು ಯಾರೂ ನೋಡುವುದಿಲ್ಲ: ಮುಂಗಾಲುಗಳ ಒಳಭಾಗ. ಮೊಲ ಬೆಕ್ಕಿನಂತೆ ಮುಂಗಾಲಿನಿಂದಲೇ ಮೂಗು ಒರೆಸಿಕೊಳ್ಳುತ್ತದೆ. ಮೂಗು ಸ್ವಚ್ಛವಾಗಿ ಕಂಡರೂ ಮುಂಗಾಲಿನ ಕೂದಲು ಅಂಟಂಟಾಗಿ ಗಂಟುಕಟ್ಟಿದ್ದರೆ ಅದು ದಿನಗಟ್ಟಲೆ ಸಿಂಬಳ ಒರೆಸಿದೆ ಎಂದರ್ಥ.

ಉಸಿರನ್ನು ಎಣಿಸಲು ಕಲಿಯಿರಿ. ಮೂಗು ಮಿಡಿಯುವುದನ್ನು ಎಣಿಸಬೇಡಿ, ಅದು ಎಚ್ಚರವಿರುವ ಮೊಲದ ಸಹಜ ಚೇಷ್ಟೆ. ಮರಿ ತಾನಾಗಿ ಸುಮ್ಮನೆ ಮಲಗಿರುವಾಗ ದೂರದಿಂದ ಪಕ್ಕೆಯನ್ನು ನೋಡಿ, 15 ಸೆಕೆಂಡಿನಲ್ಲಿ ಎಷ್ಟು ಸಲ ಏರಿಳಿಯಿತು ಎಂದು ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ಮೊಲ ನಿಮಿಷಕ್ಕೆ ಸುಮಾರು 30ರಿಂದ 60 ಸಲ ಉಸಿರಾಡುತ್ತದೆ, ಮರಿಗಳಲ್ಲಿ ತುಸು ಹೆಚ್ಚಿರಬಹುದು. ಕೈಯಲ್ಲಿ ಹಿಡಿದಾಗ ಹೆದರಿಕೆಗೇ ಉಸಿರು ಏರುತ್ತದೆ, ಆಗ ಎಣಿಸಿ ಪ್ರಯೋಜನವಿಲ್ಲ. ಸಂಖ್ಯೆಗಿಂತ ಮುಖ್ಯವಾದದ್ದು ಶ್ರಮ. ಪ್ರತಿ ಉಸಿರಿಗೂ ಹೊಟ್ಟೆ ಜಗ್ಗುತ್ತಿದೆಯೇ, ಹೊಳ್ಳೆಗಳು ಅಗಲವಾಗಿ ಅರಳುತ್ತಿವೆಯೇ, ಗೊರಗೊರ ಸದ್ದಿದೆಯೇ? ಜೊತೆಗೆ ತಿನ್ನುವುದನ್ನು ಬಿಟ್ಟಿದೆಯೇ? ಅರ್ಧ ದಿನ ಏನೂ ತಿನ್ನದ, ಹಿಕ್ಕೆ ಹಾಕದ ಮೊಲ, ಉಸಿರು ಸರಿಯಿದ್ದರೂ, ಅಪಾಯದಲ್ಲಿದೆ.

ಇದರ ಹಿಂದೆ ಹೆಚ್ಚಾಗಿ ಇರುವುದು ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ. ಬಾರ್ಡೆಟೆಲ್ಲಾ ಮುಂತಾದ ಇತರೆಯವೂ ಇವೆ. ಎಷ್ಟೋ ತಾಯಿ ಮೊಲಗಳು ಇದನ್ನು ಮೂಗಿನಲ್ಲಿ ಇಟ್ಟುಕೊಂಡೇ ಆರೋಗ್ಯವಾಗಿರುತ್ತವೆ. ಹುಟ್ಟಿದ ಕೆಲವು ದಿನಗಳಲ್ಲೇ ಅದು ಮರಿಗೆ ದಾಟುತ್ತದೆ. ಹಾಗೆ ದಾಟಿದ್ದು ಕಾಯಿಲೆಯಾಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮರಿ ಉಸಿರಾಡುವ ಗಾಳಿ. ಯೂನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಜರೂರಿಯ್ಯಾ ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ಸುತ್ತಲಿನ ಗಾಳಿ. ನನ್ನ ಅಭಿಪ್ರಾಯದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಮೊಲದ ಮರಿಗಳು ಸಾಯುತ್ತಿರುವುದು ಬ್ಯಾಕ್ಟೀರಿಯಾದಿಂದ ಎನ್ನುವುದಕ್ಕಿಂತ ನಾವು ಅವಕ್ಕೆ ಕೊಟ್ಟಿರುವ ಗಾಳಿಯಿಂದ.

ನಮ್ಮಲ್ಲಿ ಗಾಳಿ ಎಂಥದ್ದು ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಒಂದಷ್ಟು ಭಾಗ, ಇದು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ, ಕಂಪಲಾಪುರ ಎಂದರೆ ಹೊರಗಿನವರಿಗೆ ನೆನಪಾಗುವುದು ಹರಾಜು ಮಾರುಕಟ್ಟೆ. ಮುಂಗಾರಿನ ನಡುವೆ ಎಲೆ ಮುರಿದು ಬ್ಯಾರನ್‌ಗೆ ಏರಿಸಿದರೆ ಐದಾರು ದಿನ ಹಗಲು-ರಾತ್ರಿ ಸೌದೆ ಉರಿಯಬೇಕು. ಒಳಗಿನ ಶಾಖ ಕೊನೆಯ ಹಂತಕ್ಕೆ 70 ಡಿಗ್ರಿಯ ಹತ್ತಿರ ಹೋಗುತ್ತದೆ. ಹಸಿ ಸೌದೆಯ ಹೊಗೆ ಮಳೆಗಾಳಿಯಲ್ಲಿ ಮೇಲೇಳದೆ ಮನೆಯಂಗಳದಲ್ಲೇ ಮಲಗುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬರು ಮೊಲದ ಗೂಡನ್ನು ಬ್ಯಾರನ್ ಗೋಡೆಗೆ ಒತ್ತಿ ಇಟ್ಟಿದ್ದರು. ಆಷಾಢದ ಚಳಿಗೆ ಮರಿಗಳಿಗೆ ಬೆಚ್ಚಗಿರಲಿ ಎಂಬ ಪ್ರೀತಿಯಿಂದ. ಐದು ಮರಿಗಳಲ್ಲಿ ಮೂರು ಸತ್ತಿದ್ದವು. ಪಕ್ಕದಲ್ಲೇ ಒಲೆಬಾಯಿ. ಮೊಲಕ್ಕೆ ಚಳಿ ಅಷ್ಟು ತೊಂದರೆ ಕೊಡುವುದಿಲ್ಲ, ಒಣಗಿದ ಹುಲ್ಲಿನ ಹಾಸಿಗೆ ಸಾಕು. ಅದನ್ನು ಕೊಲ್ಲುವುದು ಹೊಗೆ, ತೇವ, ಸೆಖೆ. ಬೆವರಲಾರದ ಪ್ರಾಣಿ ಅದು. 30 ಡಿಗ್ರಿ ದಾಟಿದರೆ ಏದುಸಿರು ಬಿಡುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ತಗಡಿನ ಸೂರಿನ ಕೆಳಗಿಟ್ಟ ಗೂಡಿನಲ್ಲಿ ಬಾಯಿ ತೆರೆದು ಮಲಗಿದ ಮೊಲಕ್ಕೆ ನ್ಯುಮೋನಿಯಾ ಆಗಿರಬೇಕೆಂದೇನಿಲ್ಲ, ಬಿಸಿಲು ತಗುಲಿರಬಹುದು. ನೆರಳಿಗೆ ತಂದು, ಕಿವಿಗಳಿಗೆ ತಣ್ಣೀರಿನ ಬಟ್ಟೆ ಸವರಿ, ವೈದ್ಯರ ಬಳಿಗೆ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಹೊಗೆಸೊಪ್ಪಿನ ಚೂರು-ಪಾರು ಇರುವ ಗೋಣಿ, ಸೆಣಬಿನ ದಾರದ ಕಸವನ್ನು ಗೂಡಿಗೆ ಹಾಸುವ ಅಭ್ಯಾಸವನ್ನೂ ಕಂಡಿದ್ದೇನೆ. ಸೊಪ್ಪು ವಿಂಗಡಿಸುವ ದಿನಗಳಲ್ಲಿ ಆ ಧೂಳು ನಮ್ಮನ್ನೇ ಸೀನಿಸುತ್ತದೆ. ಮರಿ ಅದನ್ನು ಕಚ್ಚಿದರೆ ನಿಕೋಟಿನ್ ವಿಷ: ಜೊಲ್ಲು, ನಡುಕ, ಏದುಸಿರು, ಆಮೇಲೆ ಉಸಿರು ನಿಲ್ಲುವುದು. ಎಚ್.ಡಿ. ಕೋಟೆಯ ಹತ್ತಿ ಹೊಲದ ಬದುವಿನಿಂದ ಔಷಧಿ ಹೊಡೆದ ಮರುದಿನ ಹುಲ್ಲು ಕೊಯ್ದು ಹಾಕಿದರೂ ಹೀಗೇ ಆಗುತ್ತದೆ. ಭತ್ತದ ಸೀಮೆಯಾದ ಕೆ.ಆರ್. ನಗರದಲ್ಲಿ ಕಾಣುವುದು ಬೇರೆ: ಬೂಸ್ಟು ಹಿಡಿದ ಹುಲ್ಲು, ಧೂಳಿನ ಹೊಟ್ಟು. ಹುಲ್ಲನ್ನು ಮೂಗಿಗೆ ಹಿಡಿದು ನೋಡಿ. ನಿಮಗೆ ಮುಗ್ಗಲು ವಾಸನೆ ಬಂದರೆ ಮರಿಗೆ ಹಾಕಬೇಡಿ.

ಇವೆಲ್ಲಕ್ಕಿಂತ ಸಾಮಾನ್ಯವಾದದ್ದು ಮೂತ್ರದ ಘಾಟು. ಮೊಲದ ಮೂತ್ರ ಕೊಳೆತರೆ ಅಮೋನಿಯಾ ಏಳುತ್ತದೆ, ಅದು ಮೂಗಿನ ಒಳಪೊರೆಯನ್ನು ಸುಡುತ್ತದೆ, ಸುಟ್ಟ ಜಾಗಕ್ಕೆ ಬ್ಯಾಕ್ಟೀರಿಯಾ ಇಳಿಯುತ್ತದೆ. "ನಮ್ಮ ಗೂಡು ಶುಚಿಯಾಗಿದೆ, ವಾಸನೆ ಇಲ್ಲ" ಎನ್ನುವವರು ನಿಂತುಕೊಂಡು ಮೂಸಿರುತ್ತಾರೆ. ಮಂಡಿಯೂರಿ, ನಿಮ್ಮ ಮುಖವನ್ನು ಗೂಡಿನ ನೆಲದ ಮಟ್ಟಕ್ಕೆ ತಂದು ಒಂದು ನಿಮಿಷ ಉಸಿರಾಡಿ. ಮರಿ ಇಪ್ಪತ್ನಾಲ್ಕು ಗಂಟೆ ಇರುವುದು ಆ ಎತ್ತರದಲ್ಲಿ. ಒದ್ದೆ ಹಾಸನ್ನು ದಿನವೂ ತೆಗೆಯಬೇಕು. ಫಿನಾಯಿಲ್ ಸುರಿದು ವಾಸನೆಯ ಮೇಲೆ ವಾಸನೆ ಹೊದಿಸುವುದು ಶುಚಿತ್ವವಲ್ಲ, ಇನ್ನೊಂದು ಘಾಟು. ಹಾಗೆಯೇ ಗುರುವಾರ ಸಂಜೆ ಲೋಬಾನ ಹಾಕುವ ಮನೆಗಳು, ಸೊಳ್ಳೆಬತ್ತಿ ಹಚ್ಚುವ ಮನೆಗಳು ಗೂಡನ್ನು ಬೇರೆ ಕಡೆ ಇಡಿ. ನೀಲಗಿರಿ ಎಣ್ಣೆ, ನೋವಿನ ಮುಲಾಮು ಮೂಗಿಗೆ ಸವರುವುದಂತೂ ಹಿಂಸೆ. ಕಲೌಂಜಿ, ಜೇನು, ಜೋಶಾಂದಾದ ಸಕ್ಕರೆ, ಯಾವುದೂ ಮೊಲದ ಕರುಳಿಗೆ ಹೇಳಿದ್ದಲ್ಲ.

ಇನ್ನು ತೀರಾ ಎಳೆಯ ಮರಿಗಳ ವಿಷಯ. ತಾಯಿ ಮೊಲ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ, ಅದೂ ಕೆಲವೇ ನಿಮಿಷ ಹಾಲೂಡುತ್ತದೆ. ಉಳಿದ ಹೊತ್ತು ಗೂಡಿನಿಂದ ದೂರ ಕೂರುತ್ತದೆ. ಇದನ್ನು ಕಂಡು "ತಾಯಿ ಬಿಟ್ಟಿದೆ" ಎಂದು ಮನೆಯವರು ಹಸುವಿನ ಹಾಲನ್ನು ಡ್ರಾಪರ್‌ನಲ್ಲಿ ಕುಡಿಸತೊಡಗುತ್ತಾರೆ. ಮರಿಯನ್ನು ಅಂಗಾತ ಮಲಗಿಸಿ, ಮನುಷ್ಯ ಶಿಶುವಿನಂತೆ. ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡರೆ, ಉಸಿರಿನಲ್ಲಿ ಟಿಕ್ ಟಿಕ್ ಸದ್ದು ಬಂದರೆ ಹಾಗಾಗಿದೆ ಎಂದೇ ತಿಳಿಯಬೇಕು. ಬೆಳಿಗ್ಗೆ ಮರಿಯ ಹೊಟ್ಟೆ ದುಂಡಗಿದ್ದರೆ ಅದು ಹಾಲು ಕುಡಿದಿದೆ, ಸುಮ್ಮನೆ ಬಿಡಿ. ಸಂತೆ-ಜಾತ್ರೆಗಳಲ್ಲಿ ಮೂರು-ನಾಲ್ಕು ವಾರದ ಮರಿಗಳನ್ನು ಮಾರುವವರಿಂದ ಕೊಳ್ಳಬೇಡಿ. ಕನಿಷ್ಠ 6 ವಾರ, ಸಾಧ್ಯವಾದರೆ 8 ವಾರ ತಾಯಿಯ ಜೊತೆ ಇರಬೇಕು. ಅಂಗೈಯಲ್ಲಿ ಹಿಡಿಸುವಷ್ಟು ಮುದ್ದಾಗಿದೆ ಎಂಬುದೇ ಕೊಳ್ಳದಿರಲು ಕಾರಣ. ಬೇಡಿಕೆ ಇರುವವರೆಗೆ ಅವರು ತರುತ್ತಲೇ ಇರುತ್ತಾರೆ. ತಪ್ಪು ಅವರದಷ್ಟೇ ಅಲ್ಲ, ನಮ್ಮದೂ ಹೌದು.

ಹೊಲದಲ್ಲಿ ಸಿಕ್ಕ ಮರಿ ತರುವವರೂ ಉಂಟು. ಕಾಡಂಚಿನ ಊರುಗಳಲ್ಲಿ ಇದು ಹೆಚ್ಚು. ಮೈತುಂಬ ಕೂದಲು, ಕಣ್ಣು ತೆರೆದಿರುವ ಪುಟ್ಟ ಮರಿ ಹುಲ್ಲಿನಲ್ಲಿ ಒಂಟಿಯಾಗಿ ಸಿಕ್ಕಿತೆಂದರೆ ಅದು ಕಾಡುಮೊಲ, ಸಾಕುಮೊಲವಲ್ಲ. ಸಾಕುಮೊಲದ ಮರಿ ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ, ಸುಮಾರು 10 ದಿನಕ್ಕೆ ಕಣ್ಣು ತೆರೆಯುತ್ತದೆ. ಕಾಡುಮೊಲದ ತಾಯಿ ಮರಿಯನ್ನು ಹಾಗೆ ಬಿಟ್ಟೇ ಮೇಯಲು ಹೋಗುತ್ತದೆ. ತಂದ ಜಾಗದಲ್ಲೇ ಬಿಟ್ಟುಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ.

ಹಾಗಾದರೆ ಎಲ್ಲಿಗೆ ಹೋಗಬೇಕು? ತಾಲ್ಲೂಕು ಕೇಂದ್ರದ ಸರ್ಕಾರಿ ಪಶು ಆಸ್ಪತ್ರೆಗೆ. "ಅಲ್ಲಿ ದನ-ಎಮ್ಮೆ ಬಿಟ್ಟು ಬೇರೆ ನೋಡುವುದಿಲ್ಲ" ಎಂಬ ದೂರು ನನಗೆ ಗೊತ್ತು. ಒಂದು ಕಡೆ ನನ್ನ ಮಗಳನ್ನೂ "ಮೊಲಕ್ಕೆಲ್ಲ ಯಾರಮ್ಮ ಡಾಕ್ಟರ್" ಎಂದು ನಗುತ್ತ ಕಳಿಸಿದ್ದರು. ಆದರೂ ಅಲ್ಲಿಗೇ ಹೋಗಿ, ನೋಡುವಂತೆ ಕೇಳಿ. ಕೇಳುವವರು ಹೆಚ್ಚಿದರೆ ನೋಡುವವರೂ ಕಲಿಯುತ್ತಾರೆ. ಜಾನುವಾರುಗಳಿಗೆಂದು ಇರುವ ಸಂಚಾರಿ ಪಶುಚಿಕಿತ್ಸಾ ಸಹಾಯವಾಣಿ 1962ಕ್ಕೆ ಕರೆಮಾಡಿದರೆ ಹತ್ತಿರದ ವೈದ್ಯರ ಬಗ್ಗೆ ಕೇಳಬಹುದು. ಮೈಸೂರಿನಲ್ಲಿ ಸಾಕುಪ್ರಾಣಿಗಳ ಖಾಸಗಿ ಚಿಕಿತ್ಸಾಲಯಗಳಿವೆ, ಕೆ.ಆರ್. ನಗರದವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜೂ ದೂರವಲ್ಲ. ಹೊರಡುವ ಮುಂಚೆ ಫೋನಿನಲ್ಲಿ ಮೊಲ ನೋಡುತ್ತಾರೆಯೇ ಎಂದು ಕೇಳಿಕೊಳ್ಳಿ. ವೈದ್ಯರು ಮೊಲಕ್ಕೆ ಹೊಂದುವ ಆಂಟಿಬಯಾಟಿಕ್ ಆರಿಸುತ್ತಾರೆ, ವಾರಗಟ್ಟಲೆ ಕೊಡಬೇಕಾಗಬಹುದು. ಆಮ್ಲಜನಕ, ನೆಬ್ಯುಲೈಸರ್, ದ್ರವ ಬೇಕಾಗಬಹುದು. ಹಿಂದೆ ಯಾವ ಸಿರಪ್ ಕುಡಿಸಿದ್ದೀರಿ ಎಂಬುದನ್ನು ನಾಚಿಕೆಯಿಲ್ಲದೆ ಹೇಳಿ. ಸೀನು ನಿಂತಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ.

ದಾರಿಯಲ್ಲಿ ಮರಿಯನ್ನು ಅಂಗಾತ ಹಿಡಿಯಬೇಡಿ. ಮೊಲದ ಎದೆಗೂಡು ಸಣ್ಣದು, ಹೊಟ್ಟೆ ದೊಡ್ಡದು. ಮಗುಚಿದರೆ ಹೊಟ್ಟೆಯ ಭಾರ ಶ್ವಾಸಕೋಶವನ್ನು ಒತ್ತುತ್ತದೆ. ತೂತುಗಳಿರುವ ಡಬ್ಬದಲ್ಲಿ ಹುಲ್ಲು ಹಾಸಿ, ತಾನಾಗಿ ಕೂರುವಂತೆ ಬಿಡಿ. ಮೂಗು ಕಟ್ಟಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬೈಕಿನಲ್ಲಿ ಎದುರುಗಾಳಿ ಹೊಡೆಯದಂತೆ ನೋಡಿಕೊಳ್ಳಿ. ಬೇರೆ ಮೊಲಗಳಿದ್ದರೆ ಸೀನುವುದನ್ನು ಬೇರೆ ಮಾಡಿ, ಅದರ ನೀರಿನ ಬಟ್ಟಲನ್ನು ಹಂಚಬೇಡಿ, ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯಿರಿ. ಮನೆಯಲ್ಲಿ ದಮ್ಮಿನ ಮಕ್ಕಳಿದ್ದರೆ ಮೊಲದ ಕೂದಲು-ಹೊಟ್ಟು ಅವರಿಗೆ ಆಗದಿರಬಹುದು. ಅಂಥ ಮನೆಯಲ್ಲಿ ಗೂಡು ಮಲಗುವ ಕೋಣೆಯಿಂದ ಹೊರಗಿರಲಿ.

ಹಿರಿಯರು ಕೆಲವರು ಇನ್ನೊಂದು ಸಲಹೆ ಕೊಡುತ್ತಾರೆ: "ಸಾಯುವ ಮುಂಚೆ ಹಲಾಲ್ ಮಾಡಿಬಿಡಿ." ಅದರ ವಿಧಿ ಆಲಿಮರು ಹೇಳಬೇಕಾದದ್ದು. ವೈದ್ಯನಾಗಿ ನಾನು ಹೇಳುವುದಿಷ್ಟೇ: ಕಾಯಿಲೆ ಬಿದ್ದ, ಔಷಧ ಮೈಯಲ್ಲಿರುವ ಪ್ರಾಣಿಯ ಮಾಂಸ ತಿನ್ನಬೇಡಿ. ಮಗು ಹೆಸರಿಟ್ಟು ಕರೆದ ಪ್ರಾಣಿಯನ್ನಂತೂ ಅದರ ಕಣ್ಣೆದುರು ಮುಗಿಸಬೇಡಿ. ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಹಕ್ಕಿ ಸತ್ತಾಗ ಪ್ರವಾದಿ(ಸ) ಆ ಹಕ್ಕಿಯ ಬಗ್ಗೆ ವಿಚಾರಿಸಿ ಅವನನ್ನು ಮಾತನಾಡಿಸಿದ್ದು ನಮಗೆಲ್ಲ ಗೊತ್ತಿರುವ ಸಂಗತಿ. ಮಗಳಿಗೆ ನಿಜ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದು ಉಳಿದಿದ್ದು ನೀವು ಅದಕ್ಕೆ ಏನೂ ಕೊಡದೆ ಇದ್ದದ್ದಕ್ಕಾ?" ಎಂದು ಕೇಳಿದಳು. ಹೌದು ಎಂದೆ.

ಬ್ಯಾರನ್ ಗೋಡೆಯ ಆ ಮನೆಗೆ ಕಳೆದ ಶ್ರಾವಣದಲ್ಲಿ ಮತ್ತೆ ಹೋಗಿದ್ದೆ. ಗೂಡು ಮುಂದಿನ ಜಗಲಿಗೆ ಬಂದಿತ್ತು, ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಉಳಿದ ಎರಡರಲ್ಲಿ ಒಂದು ವಾರಕ್ಕೊಮ್ಮೆ ಸೀನುತ್ತದಂತೆ, ಪಶುವೈದ್ಯರು ಅದು ಪೂರ್ತಿ ಹೋಗದಿರಬಹುದು ಎಂದಿದ್ದಾರೆ. ಮನೆಯ ನಾಲ್ಕು ವರ್ಷದ ಹುಡುಗ ಮಾತ್ರ ರಾತ್ರಿ ಅಪ್ಪನ ಜೊತೆ ಬೆಂಕಿ ಕಾಯಲು ಇನ್ನೂ ಒಲೆಬಾಯಿಯ ಪಕ್ಕದಲ್ಲೇ ಮಲಗುತ್ತಿದ್ದ. ಮೊಲದ ಗೂಡನ್ನು ಸರಿಸಿದಿರಲ್ಲ, ಇವನ ಚಾಪೆಯನ್ನೂ ಸರಿಸಿ ಎಂದೆ. ಆ ಯಜಮಾನರು ನಕ್ಕರು. ನಾನು ನಗಲಿಲ್ಲ, ಹುಡುಗನ ಅಂಗಿ ಎತ್ತಿ ಪಕ್ಕೆ ಎಣಿಸಲು ಕೂತೆ.